ಮನೆ ಮುಂದಿನ ಐದಡಿ ಜಾಗಕ್ಕೆ ಯಾವ ಗಿಡ?

ಪ್ರಶ್ನೆ: ಬೆಂಗಳೂರಿನಲ್ಲಿ ನಮ್ಮದು ಉತ್ತರ ಬಾಗಿಲಿನ ಎರಡಂತಸ್ತಿನ ಹೊಸ ಮನೆ. ಮುಂದೆ ಐದಡಿ ಅಗಲದ ಮಣ್ಣು ಬಿಟ್ಟಿದ್ದೇವೆ. ದಾಸವಾಳ, ಕೇಪಳ, ಕಾಗದದ ಹೂ, ಕ್ರೋಟನ್ ಒಂದೊಂದು ತಂದು ಗೋಡೆ ಪಕ್ಕ ನೆಟ್ಟೆವು. ವರ್ಷವಾದರೂ ಅಂದವಿಲ್ಲ, ಹೂವಿಲ್ಲ. ಯಾವ ಗೊಬ್ಬರ ಹಾಕಬೇಕು?

ಉತ್ತರ: ತೊಂದರೆ ಗೊಬ್ಬರದ್ದಲ್ಲ. ಈ ಪ್ರಶ್ನೆ ಬರುತ್ತಲೇ ಇರುತ್ತದೆ, ಬಡಾವಣೆಯ ಹೆಸರು ಮಾತ್ರ ಬದಲು. ಬಾಗಿಲಿನ ದಿಕ್ಕಿಗೆ ವಾಸ್ತು ಕೇಳುತ್ತೀರಿ, ಬಿಸಿಲನ್ನು ಕೇಳುವುದಿಲ್ಲ. ಬೆಂಗಳೂರಿನಲ್ಲಿ ನಡುಹಗಲ ಸೂರ್ಯ ಉತ್ತರಕ್ಕೆ ವಾಲುವುದು ಏಪ್ರಿಲ್ ಕೊನೆಯಿಂದ ಆಗಸ್ಟ್ ನಡುವಿನವರೆಗೆ ಮಾತ್ರ. ಡಿಸೆಂಬರ್‌ನಲ್ಲಿ 20 ಅಡಿ ಎತ್ತರದ ಮನೆ ಮಧ್ಯಾಹ್ನವೂ ಉತ್ತರಕ್ಕೆ ಸುಮಾರು 15 ಅಡಿ ನೆರಳು ಚೆಲ್ಲುತ್ತದೆ. ನಿಮ್ಮ ಐದಡಿ ಅದರೊಳಗೇ ಮುಳುಗಿದೆ. ಅಲ್ಲಿ ದಾಸವಾಳ ಸೊರಗಿ ಉದ್ದವಾಗುತ್ತದೆ, ಕಾಗದದ ಹೂ ಬರೀ ಎಲೆ ಬಿಡುತ್ತದೆ, ಕ್ರೋಟನ್ ಬಣ್ಣ ಕಳೆದುಕೊಂಡು ಹಸಿರಾಗುತ್ತದೆ. ದಾಸವಾಳ, ಕಾಗದದ ಹೂಗಳನ್ನು ಕುಂಡಕ್ಕೆ ತೆಗೆದು ತಾರಸಿಗೆ ಕಳಿಸಿ.

ಎರಡನೆಯದು ಒಂದೊಂದು ತರುವ ಚಟ. ಅದು ಅಂಗಳವಲ್ಲ, ನರ್ಸರಿಯ ಮಾದರಿ ಸಾಲು. ಮೂರೇ ಬಗೆ ಸಾಕು: ಬಾಗಿಲಿಗೆ ದೂರದ ಮೂಲೆಯಲ್ಲಿ ಒಂದು ನಂದಿಬಟ್ಟಲು, ಕಿಟಕಿಯ ಕೆಳಗೆ ಐದಾರು ಅರೇಲಿಯಾ, ಮುಂದಿನ ಅಂಚಿಗೆ ಒತ್ತಾಗಿ ಕನಕಾಂಬರ. ನಂದಿಬಟ್ಟಲು ಅರೆನೆರಳಿಗೂ ಹೊಂದಿಕೊಳ್ಳುತ್ತದೆ, ಆದರೆ ಆಳೆತ್ತರ ಮೀರಿ ಬೆಳೆಯುತ್ತದೆ, ಅಷ್ಟೇ ಹರಡುತ್ತದೆ. ಪೂರ್ತಿ ಬೆಳೆದಾಗಿನ ಅಗಲದಲ್ಲಿ ಅರ್ಧದಷ್ಟಾದರೂ ಗೋಡೆಯಿಂದ ದೂರವಿರಲಿ. ಮೊದಲ ವರ್ಷ ಜಾಗ ಖಾಲಿ ಕಾಣುತ್ತದೆ. ಕಾಣಲಿ. ಆ ಖಾಲಿಯನ್ನು ತುಂಬಲು ಹೋಗಿಯೇ ಎಲ್ಲರೂ ಮೂರನೇ ವರ್ಷ ಕೊಡಲಿ ಹಿಡಿಯುವುದು.

ಇನ್ನು ಕೇಪಳ. ಅದು ಕರಾವಳಿಯ ಹುಳಿ ಮಣ್ಣಿನ ಗಿಡ. ಹೊಸ ಮನೆಯ ಗೋಡೆ ಪಕ್ಕ ಇರುವುದು ಮಣ್ಣಲ್ಲ, ಸಿಮೆಂಟು, ಗಾರೆ, ಇಟ್ಟಿಗೆ ಚೂರು. ಅದರ ಸುಣ್ಣಕ್ಕೆ ಬೇರು ಕಬ್ಬಿಣ ಹೀರಲಾರದೆ ಎಳೆಯ ಎಲೆ ಹಳದಿಯಾಗುತ್ತದೆ, ನರ ಮಾತ್ರ ಹಸಿರು. ಅದಕ್ಕೆ ಮೊಟ್ಟೆಯ ಚಿಪ್ಪು ಹಾಕಿ ಎಂದು ಹೇಳುವ ಮಹಾನುಭಾವರಿದ್ದಾರೆ! ಚಿಪ್ಪೂ ಸುಣ್ಣವೇ. ಒಂದೂವರೆ ಅಡಿ ಅಗೆದು ಕಸ ಹೊರಹಾಕಿ, ಕೆಂಪು ಮಣ್ಣು, ಕೊಳೆತ ಸಗಣಿ ಗೊಬ್ಬರ ತುಂಬಿ. ಇಷ್ಟಕ್ಕೆ ಸಿದ್ಧರಿಲ್ಲದಿದ್ದರೆ ಯಾವ ಗಿಡವನ್ನೂ ತರಬೇಡಿ.

ಪ್ರಶ್ನೆ: ಹಾಲು ಸುರಿಸುವ ಗಿಡ ಮನೆ ಮುಂದೆ ಅಶುಭವೇ?

ಉತ್ತರ: ನಂದಿಬಟ್ಟಲಿನ ಹೂವನ್ನು ದಿನವೂ ದೇವರಿಗೆ ಏರಿಸಿ ಗಿಡವನ್ನು ದೂರುವವರ ಜೊತೆ ನಾನು ವಾದಿಸುವುದಿಲ್ಲ. ಕಣಗಿಲೆಯ ಮಾತು ಬೇರೆ. ಅದರ ಎಲೆ, ಹೂ, ಕಡ್ಡಿ ಎಲ್ಲವೂ ಹೃದಯಕ್ಕೆ ವಿಷ. ಮಕ್ಕಳಿರುವ ಮನೆಗೆ ನಾನು ಅದನ್ನು ಸೂಚಿಸುವುದೇ ಇಲ್ಲ. ಅತಿಯಾಯಿತು ಎನ್ನುವವರು ಎನ್ನಲಿ.

ಪ್ರಶ್ನೆ: ಬೇಗ ಬೆಳೆಯುವ ಕೊನೊಕಾರ್ಪಸ್ ಬೇಲಿ ಹಾಕಬಹುದೇ?

ಉತ್ತರ: ಗುಜರಾತ್ 2023ರಲ್ಲಿ ಅದನ್ನು ನೆಡುವುದನ್ನೇ ನಿಷೇಧಿಸಿತು. ಬೇಡ.

ಪ್ರಶ್ನೆ: ದಾಸವಾಳದ ಕುಡಿಯಲ್ಲಿ ಬಿಳಿ ಹತ್ತಿಯಂಥ ಹುಳು. ಅರಿಶಿನ ನೀರು ಸಾಕೇ?

ಉತ್ತರ: ಸಾಲದು. ಅದು ಹಿಟ್ಟು ತಿಗಣೆ. ಕುಡಿ ಕತ್ತರಿಸಿ ಸುಡಿ, ಉಳಿದದ್ದಕ್ಕೆ ಜೋರಾಗಿ ನೀರು ಹೊಡೆಯಿರಿ. ಕಾಂಡದ ಮೇಲೆ ಇರುವೆ ಸಾಲು ಕಂಡರೆ ಮೊದಲು ಅದನ್ನು ತಡೆಯಿರಿ. ತಿಗಣೆ ಸುರಿಸುವ ಸಿಹಿ ಅಂಟಿನ ಆಸೆಗೆ ಅದನ್ನು ಕಾಯುವುದು ಇರುವೆಗಳೇ.