ಈರುಳ್ಳಿ ಶೆಡ್ಡಿಗೆ ಎಲೆಕ್ಟ್ರಾನಿಕ್ ಮೂಗು: ಒಂದು ಸೆನ್ಸರ್ ಸಾಲದು

ಚಳ್ಳಕೆರೆಯ ಮಿತ್ರರೇ, ಗಾಳಿಯಲ್ಲಿನ ಆವಿಗಳಿಗೆ ಸ್ಪಂದಿಸುವ ಎಂಕ್ಯೂ-135 ಸೆನ್ಸರ್ ಒಂದನ್ನು ಈರುಳ್ಳಿ ಶೆಡ್ಡಿನಲ್ಲಿ ತೂಗುಹಾಕಿದರೆ ಗಡ್ಡೆ ಕೊಳೆಯುವುದು ಮೊದಲೇ ತಿಳಿಯುತ್ತದೆಯೇ ಎಂದು ಕೇಳಿದ್ದೀರಿ. ಅದೊಂದರಿಂದ ತಿಳಿಯುವುದಿಲ್ಲ. ದಾವಣಗೆರೆ ಹತ್ತಿರದ ನಮ್ಮ ಶೆಡ್ಡಿನಲ್ಲಿ ಹೋದ ವರ್ಷ ನಾನೂ ಇದನ್ನೇ ಮಾಡಿದ್ದೆ. ಸೋನೆ ಮಳೆ ಹಿಡಿದ ದಿನ ಅಂಕಿ ಏರಿತೆಂದು ಆಳು ಹಚ್ಚಿ ಅರ್ಧ ರಾಶಿ ತಿರುವಿಸಿದೆ, ಒಂದೂ ಕೊಳೆತ ಗಡ್ಡೆ ಸಿಗಲಿಲ್ಲ. ತಿಂಗಳ ನಂತರ ತಳದಲ್ಲಿ ರಸ ಇಳಿದು ನಾಲ್ಕು ಚೀಲ ಹಾಳಾದಾಗ ಅದೇ ಅಂಕಿ ಕದಲಲಿಲ್ಲ.

ಆ ಸೆನ್ಸರಿನೊಳಗೆ ಬಿಸಿಯಾಗಿರುವ ತವರದ ಆಕ್ಸೈಡ್ ಪದರವಿದೆ. ಗಾಳಿಯ ಆಮ್ಲಜನಕ ಅದಕ್ಕೆ ಅಂಟಿಕೊಂಡು ವಿದ್ಯುತ್ತನ್ನು ತಡೆಯುತ್ತದೆ. ಆಲ್ಕೋಹಾಲ್, ಅಮೋನಿಯದಂಥ ಆವಿ ತಗುಲಿದಾಗ ಆ ತಡೆ ಕಡಿಮೆಯಾಗುತ್ತದೆ. ತೇವಾಂಶಕ್ಕೂ ಕಡಿಮೆಯಾಗುತ್ತದೆ, ಆದ್ದರಿಂದ ಯಾವುದು ಮಳೆ, ಯಾವುದು ಕೊಳೆ ಎಂದು ಒಂಟಿ ಅಂಕಿಯಿಂದ ಹೇಳಲಾಗದು.

ಪ್ರಾಣಿಗಳ ಮೂಗೂ ಒಂದು ವಾಸನೆಗೆ ಒಂದೇ ಗ್ರಾಹಕವನ್ನು (ವಾಸನೆಯ ಅಣುವನ್ನು ಹಿಡಿಯುವ ಪ್ರೋಟೀನನ್ನು) ನೆಚ್ಚಿಕೊಂಡಿಲ್ಲ. ವಾಸನೆ ಗ್ರಾಹಕಗಳ ಜೀನ್‌ಗಳನ್ನು 1991ರಲ್ಲಿ ಗುರುತಿಸಿ 2004ರಲ್ಲಿ ನೊಬೆಲ್ ಪಡೆದ ಲಿಂಡಾ ಬಕ್ ಮತ್ತು ರಿಚರ್ಡ್ ಆಕ್ಸೆಲ್ ಅವರ ಕೆಲಸದಿಂದ ಬೆಳೆದ ತಿಳಿವಳಿಕೆಯ ಪ್ರಕಾರ, ಇಲಿಗೆ ಸುಮಾರು 1,000, ಮನುಷ್ಯನಿಗೆ ಸುಮಾರು 400 ಬಗೆಯ ಗ್ರಾಹಕಗಳಿದ್ದು, ಪ್ರತಿಯೊಂದೂ ಹಲವು ಅಣುಗಳಿಗೆ ಹೆಚ್ಚುಕಡಿಮೆ ಸ್ಪಂದಿಸುತ್ತದೆ, ಆ ಸ್ಪಂದನಗಳ ಒಟ್ಟು ವಿನ್ಯಾಸವನ್ನು ಮಿದುಳು ನೆನಪಿನೊಡನೆ ಹೋಲಿಸಿ ಇದು ಇಂಥ ವಾಸನೆ ಎಂದು ಗುರುತು ಹಿಡಿಯುತ್ತದೆ. ಈ ವಿವರಗಳು ತಿಳಿಯುವ ಮುನ್ನವೇ, 1982ರಲ್ಲಿ, ಇಂಗ್ಲೆಂಡಿನ ವಾರಿಕ್ ವಿಶ್ವವಿದ್ಯಾಲಯದ ಸಂಶೋಧಕರಾದ ಪರ್ಸಾಡ್ ಮತ್ತು ಡಾಡ್ ಕೆಲವೇ ಸೆನ್ಸರುಗಳನ್ನು ಜೋಡಿಸಿ ಇದೇ ರೀತಿ ವಾಸನೆಗಳನ್ನು ಬೇರ್ಪಡಿಸಿ ತೋರಿಸಿದ್ದರು. ಇಂಥ ಜೋಡಣೆಯೇ ಎಲೆಕ್ಟ್ರಾನಿಕ್ ಮೂಗು. ಅಮೆರಿಕದ ಜಾರ್ಜಿಯಾದಲ್ಲಿ ಸಂಗ್ರಹದ ಈರುಳ್ಳಿಯ ಕೊಳೆರೋಗಗಳನ್ನು ಸೆನ್ಸರುಗಳ ಗುಂಪಿನಿಂದ ಗುರುತಿಸುವ ಪ್ರಯೋಗಗಳೂ ನಡೆದಿವೆ, ಹಾಗಾಗಿ ನಿಮ್ಮ ಆಲೋಚನೆ ದಾರಿ ತಪ್ಪಿದ್ದಲ್ಲ.

ಕನಿಷ್ಠ ನಾಲ್ಕು ಸೆನ್ಸರ್ ತೆಗೆದುಕೊಳ್ಳಿ. 135ರ ಜೊತೆಗೆ ಆಲ್ಕೋಹಾಲಿಗೆ ಎಂಕ್ಯೂ-3, ಹೈಡ್ರೋಜನ್ ಸಲ್ಫೈಡಿಗೆ 136, ಅಮೋನಿಯಕ್ಕೆ 137 ಇರಲಿ. ತೇವಾಂಶ ಮತ್ತು ಉಷ್ಣಾಂಶ ಅಳೆಯುವ ಸೆನ್ಸರ್ ಕಡ್ಡಾಯ. ಎಂಕ್ಯೂ ಸೆನ್ಸರ್ ಒಂದೊಂದರ ಹೀಟರ್ 5 ವೋಲ್ಟಿನಲ್ಲಿ ಸುಮಾರು 150 ಮಿಲಿಆಂಪಿಯರ್ ಎಳೆಯುವುದರಿಂದ ಸೆನ್ಸರಿನ ಅಂಕಿ ಓದುವ ಆರ್ಡುಯಿನೋ ಎಂಬ ಸಣ್ಣ ಸರ್ಕ್ಯೂಟ್ ಬೋರ್ಡಿನಿಂದಲೇ ಕರೆಂಟು ಕೊಡದೆ ಬೇರೆ ಅಡಾಪ್ಟರ್ ಹಾಕಿ, ಮೊದಲ ಬಾರಿಗೆ ಎರಡು ದಿನ ಬಿಡದೆ ಬಿಸಿಯಾಗಲು ಬಿಡಿ. ಇವನ್ನು ಮುಚ್ಚಳದ ಊಟದ ಡಬ್ಬಿಯೊಳಗೆ ಕೂರಿಸಬಹುದು, ಆದರೆ ಸಂದಿಗೆ ಸಿಲಿಕೋನ್ ಅಂಟು ಹಚ್ಚಬೇಡಿ. ಅದರ ಆವಿ ಸೆನ್ಸರನ್ನು ಶಾಶ್ವತವಾಗಿ ಕೆಡಿಸುತ್ತದೆ. ರಬ್ಬರ್ ವಾಷರ್ ಸಾಕು.

ಕುರಿ ಕಾಯುವ ನಾಯಿ ನೆಲ ಮೂಸುವುದನ್ನು ಹತ್ತಿರದಿಂದ ನೋಡಿ. ಅದು ಚಿಕ್ಕ ಚಿಕ್ಕ ಉಸಿರು ಬೇಗ ಬೇಗ ಎಳೆಯುತ್ತದೆ, ಬಿಡುವ ಉಸಿರು ಮೂಗಿನ ಹೊಳ್ಳೆಯ ಪಕ್ಕದ ಸೀಳಿನಿಂದ ಆಚೆ ಹೋಗುತ್ತದೆ. ನಮ್ಮ ಡಬ್ಬಿಗೂ ಹಾಗೆ ಉಸಿರಾಟ ಬೇಕು. ಹಳೆಯ ಕಂಪ್ಯೂಟರಿನ ಸಣ್ಣ ಫ್ಯಾನಿನಿಂದ ಐದು ನಿಮಿಷ ಹೊರಗಿನ ಗಾಳಿ, ನಂತರ ಎರಡು ನಿಮಿಷ ರಾಶಿಯ ನಡುವೆ ತೂರಿಸಿದ, ತೂತು ಕೊರೆದ ಪಿವಿಸಿ ಪೈಪಿನ ಗಾಳಿ ಎಳೆಸಿ, ಪ್ರತಿ ಸೆನ್ಸರಿನ ಎರಡನೆಯ ಅಂಕಿಯನ್ನು ಮೊದಲನೆಯದರಿಂದ ಭಾಗಿಸಿ, ಬಂದ ಅನುಪಾತವನ್ನು ಬರೆದಿಡಿ. ಸೆನ್ಸರ್ ಹಳತಾದಂತೆ ಬರುವ ಏರುಪೇರನ್ನು ಈ ಭಾಗಾಕಾರ ಬಹುಮಟ್ಟಿಗೆ ಸರಿದೂಗಿಸುತ್ತದೆ. ಬಾಗಿಲ ಹತ್ತಿರ ಟ್ರ್ಯಾಕ್ಟರ್ ಚಾಲೂ ಇದ್ದಾಗ, ಔಷಧಿ ಹೊಡೆದ ದಿನ ಅಳೆಯಬೇಡಿ.

ಬಹಳ ಜನ ಬಿಟ್ಟುಬಿಡುವುದು ಡಬ್ಬಿಗೆ ವಾಸನೆ ಕಲಿಸುವ ಕೆಲಸವನ್ನು. ಒಂದು ಬಕೆಟ್ಟಿಗೆ ಒಳ್ಳೆಯ ಗಡ್ಡೆ, ಇನ್ನೊಂದಕ್ಕೆ ಅಷ್ಟೇ ಗಡ್ಡೆಯಲ್ಲಿ ಎರಡು ಕೊಳೆತವು, ಮೂರನೆಯದಕ್ಕೆ ಬರೀ ಒದ್ದೆ ಗೋಣಿಚೀಲ ಹಾಕಿ ಮುಚ್ಚಿ, ಬೆಳಿಗ್ಗೆ, ಮಧ್ಯಾಹ್ನ, ಮಳೆಯ ದಿನ ಎಂದು ಪ್ರತಿಯೊಂದಕ್ಕೂ ಮೂವತ್ತು ನಲವತ್ತು ಸಲ ಅಳೆದು ಎಕ್ಸೆಲ್‌ನಲ್ಲಿ ತುಂಬಿ. ಒದ್ದೆ ಗೋಣಿಗೂ ಕೊಳೆತಕ್ಕೂ ನಾಲ್ಕು ಸೆನ್ಸರುಗಳ ಅನುಪಾತಗಳು ಬೇರೆಬೇರೆಯಾಗಿ ಕಂಡರೆ ಮಾತ್ರ ಡಬ್ಬಿಯನ್ನು ಶೆಡ್ಡಿಗೆ ಒಯ್ಯಿರಿ. ಕಾಣದಿದ್ದರೆ ಸೆನ್ಸರ್ ಬದಲಿಸಬೇಕಾಗುತ್ತದೆ.

ರಾಶಿಯ ಉದ್ದಕ್ಕೂ ಆರೇಳು ಅಡಿಗೊಂದು ಪೈಪ್ ಇಟ್ಟು, ಒಂದೇ ಡಬ್ಬಿಯನ್ನು ಸರದಿಯಂತೆ ಜೋಡಿಸಿದರೆ ಖರ್ಚು ಉಳಿಯುತ್ತದೆ. ಯಾವ ಪೈಪಿನ ಅನುಪಾತ ಎರಡು ದಿನ ಸತತವಾಗಿ ಕೊಳೆತದ ಬಕೆಟ್ಟಿನ ಕಡೆ ವಾಲುತ್ತದೆಯೋ ಅದರ ಸುತ್ತಲಿನ ಗಡ್ಡೆಗಳನ್ನು ಮಾತ್ರ ತಳದವರೆಗೆ ತೆಗೆದು, ಕುತ್ತಿಗೆಯನ್ನು ಹೆಬ್ಬೆರಳಿನಿಂದ ಒತ್ತಿ ನೋಡಿ. ಮೆತ್ತಗಿದ್ದುದನ್ನು ಅಂದೇ ಬೇರ್ಪಡಿಸಿ.