ರಾಜೀನಾಮೆಗಿಂತ ಮೊದಲು ಪಾಲಿನ ಹಾಳೆ

ಬ್ರಿಟನ್ನಿನ ನೃತ್ಯಸಂಗೀತದ ಡಿಸ್ಕ್ಲೋಷರ್ ಜೋಡಿಯಂತೆ ಬೆಳೆಯಬೇಕಾದರೆ ನೀವೂ ನಿಮ್ಮ ಗೆಳೆಯರೂ ಇಬ್ಬರೂ ನೌಕರಿ ಬಿಡಬೇಕೇ, ಒಬ್ಬರು ಬಿಟ್ಟರೆ ಸಾಕೇ ಎಂದು ಕೇಳಿದ್ದೀರಿ. ಇದೇ ಮಾತನ್ನು ನಾನೂ ನನ್ನ ಶಾಲಾ ಗೆಳೆಯನೂ 2013ರಲ್ಲಿ ಲಂಡನ್ನಿನ ಕ್ರಾಯ್ಡನ್‌ನಲ್ಲಿ ರಾತ್ರಿಗಟ್ಟಲೆ ಆಡಿದ್ದೇವೆ. ತಂದೆಯವರ ಕೆಲಸದ ನಿಮಿತ್ತ ಮೈಸೂರಿನಿಂದ ಚಿಕ್ಕಂದಿನಲ್ಲೇ ಅಲ್ಲಿಗೆ ಹೋದವನು ನಾನು. ಆ ಜೂನ್‌ನಲ್ಲಿ, ನಮ್ಮ ಮನೆಗೆ ತೀರ ದೂರವಲ್ಲದ ರೈಗೇಟ್‌ನ ಅದೇ ಜೋಡಿ, ಗೈ ಮತ್ತು ಹೋವರ್ಡ್ ಲಾರೆನ್ಸ್ ಸಹೋದರರ ಮೊದಲ ಆಲ್ಬಮ್ ಬ್ರಿಟನ್ನಿನ ಪಟ್ಟಿಯಲ್ಲಿ ಮೊದಲ ಸ್ಥಾನಕ್ಕೇರಿತು. ತಮ್ಮನಿಗೆ ಆಗ ಕೇವಲ 19 ವರ್ಷ.

ನಾವಿಬ್ಬರೂ ಜೋಡಿಯಾಗಿ ಮಾಡಿದ ಮೂರನೆಯ ಹಾಡು ಜನರಿಗೆ ಹಿಡಿಸಿತು. ಹೌಸ್ ಎಂಬ ನೃತ್ಯಸಂಗೀತದಲ್ಲಿ ಕಿಕ್ ಡ್ರಮ್ ನಾಲ್ಕೂ ಪೆಟ್ಟಿಗೆ ಬೀಳುತ್ತದೆ. ಟೂ-ಸ್ಟೆಪ್ ಗ್ಯಾರೇಜ್ ಎಂಬ ಶೈಲಿಯಲ್ಲಿ ಕೆಲವು ಪೆಟ್ಟುಗಳನ್ನು ಕಿತ್ತುಹಾಕಿ, ಹೈ-ಹ್ಯಾಟ್ ತಾಳದ ಪೆಟ್ಟನ್ನು ಕೂದಲೆಳೆಯಷ್ಟು ತಡವಾಗಿ ಬೀಳಿಸುತ್ತಾರೆ. ಆ ಕೂದಲೆಳೆಗಾಗಿ ನಾನು ಮೂರು ವಾರ ಹೆಡ್‌ಫೋನ್ ಹಾಕಿ ಕುಳಿತಿದ್ದೆ. ಬೇಸ್, ಅಂದರೆ ಕೆಳಸ್ಥಾಯಿಯ ನುಡಿಕೆ, ನನ್ನದೇ. ಕಾರ್ಡ್‌ಗಳು, ಅಂದರೆ ಸ್ವರಗುಚ್ಛಗಳು, ಗೆಳೆಯನವು, ಸಾಹಿತ್ಯ ಅವನೂ ಗಾಯಕಿಯೂ ಕೂಡಿ ಬರೆದದ್ದು.

ತಪ್ಪಾದದ್ದು ಇಲ್ಲಿ. ಬ್ರಿಟನ್ನಿನಲ್ಲಿ ಹಾಡಿನ ರಚನೆಗೆ ಸಲ್ಲುವ ರಾಯಧನವನ್ನು ಪಿಆರ್‌ಎಸ್ ಎಂಬ ಸಂಸ್ಥೆ ಸಂಗ್ರಹಿಸುತ್ತದೆ, ಧ್ವನಿಮುದ್ರಣಕ್ಕೆ ಸಲ್ಲುವುದನ್ನು ಪಿಪಿಎಲ್. ಇವು ಎರಡು ಬೇರೆ ಹಕ್ಕುಗಳೆಂಬುದೇ ನನಗೆ ತಿಳಿದಿರಲಿಲ್ಲ. ರಚನೆಯನ್ನು ನೋಂದಾಯಿಸುವಾಗ ಬರೆದವರೆಲ್ಲರ ಪಾಲು ಸೇರಿ ನೂರಾಗಬೇಕು. ಅಂದು ನನಗೆ ರಾತ್ರಿ ಪಾಳಿ ಇತ್ತು. ನೋಂದಣಿ ತಾನೇ ಮಾಡಿಬಿಡಲೇ ಎಂದು ಗೆಳೆಯ ಬಾಗಿಲಲ್ಲಿ ನಿಂತು ಕೇಳಿದ. ನಾನು ಶೂ ಲೇಸ್ ಕಟ್ಟುತ್ತಲೇ ಆಗಲಿ ಎಂದೆ. ಯಾರಿಗೆ ಎಷ್ಟು ಎಂದು ಕೇಳಬೇಕೆನಿಸಿತು, ಆದರೆ ಗೆಳೆತನದಲ್ಲಿ ಲೆಕ್ಕ ಕೇಳುವುದು ಸಣ್ಣತನವೆಂದು ನಾಲಿಗೆ ಕಚ್ಚಿಕೊಂಡೆ. ಅವನು ತನಗೆ 50, ಗಾಯಕಿಗೆ 50 ಎಂದು ತುಂಬಿದ. ಅದು ಮೋಸವಲ್ಲ. ರಾಗ ಮತ್ತು ಸಾಹಿತ್ಯವಷ್ಟೇ ರಚನೆ, ತಾಳವೂ ಬೇಸೂ ಧ್ವನಿಮುದ್ರಣಕ್ಕೆ ಸೇರಿದ ನಿರ್ಮಾಣದ ಕೆಲಸ ಎಂದು ಅವನು ಪ್ರಾಮಾಣಿಕವಾಗಿ ನಂಬಿದ್ದ. ನಾನು ಆ ರಾತ್ರಿ ಒಂದೇ ಒಂದು ಪ್ರಶ್ನೆ ಕೇಳಿದ್ದರೆ ಹತ್ತು ನಿಮಿಷದ ವಾದದಲ್ಲಿ ಅದು ಮುಗಿಯುತ್ತಿತ್ತು. ಹಾಡು ರೇಡಿಯೊದಲ್ಲಿ ಬಂದು, ಮೊದಲ ರಾಯಧನದ ವಿವರ ಬಂದಾಗಲೇ ನನಗೆ ತಿಳಿದದ್ದು. ಅಷ್ಟರಲ್ಲಿ ನಾನು ನೌಕರಿ ಬಿಟ್ಟು ನಾಲ್ಕು ತಿಂಗಳಾಗಿತ್ತು. ಜೋಡಿ ಆ ಚಳಿಗಾಲವನ್ನು ದಾಟಲಿಲ್ಲ.

ಆದ್ದರಿಂದ ನಿಮ್ಮ ಪ್ರಶ್ನೆಯನ್ನೇ ನಾನು ಒಪ್ಪುವುದಿಲ್ಲ. ಜೋಡಿಗೆ ಒಂದೇ ವೃತ್ತಿಜೀವನವಿರುತ್ತದೆ ಎಂದು ನೀವು ಭಾವಿಸಿದ್ದೀರಿ, ಹಾಗಿರುವುದಿಲ್ಲ. ಸೌತಾಂಪ್ಟನ್ನಿನ ಆರ್ಟ್‌ಫುಲ್ ಡಾಡ್ಜರ್ ಜೋಡಿಯನ್ನೇ ನೋಡಿ. ಕ್ರೇಗ್ ಡೇವಿಡ್ ಹಾಡಿದ ಅವರ ಗೀತೆ 1999ರ ಕೊನೆಯಲ್ಲಿ ಬ್ರಿಟನ್ನಿನ ಪಟ್ಟಿಯಲ್ಲಿ 2ನೆಯ ಸ್ಥಾನ ತಲುಪಿತು. ಮರುವರ್ಷ ಅದೇ ಗಾಯಕ ತನ್ನ ಹೆಸರಿನಲ್ಲೇ ಮೊದಲ ಸ್ಥಾನಕ್ಕೇರಿದ ಹಾಡನ್ನು ಅವನೊಡನೆ ಬರೆದವರು ಜೋಡಿಯ ಒಬ್ಬರಾದ ಮಾರ್ಕ್ ಹಿಲ್ ಮಾತ್ರ. ನೀವು ಆದರ್ಶವೆಂದುಕೊಂಡ ಡಿಸ್ಕ್ಲೋಷರ್‌ನ ‘ಲ್ಯಾಚ್’ ಹಾಡಿಗೂ ರಚನಕಾರರು ನಾಲ್ವರು: ಸಹೋದರರಿಬ್ಬರು, ಗಾಯಕ ಸ್ಯಾಮ್ ಸ್ಮಿತ್ ಮತ್ತು ಜಿಮ್ಮಿ ನೇಪ್ಸ್.

ಭಾನುವಾರ ನಿಮ್ಮ ಗಾಯಕಿ ಬರುತ್ತಾರೆಂದು ಬರೆದಿದ್ದೀರಿ. ಅವರು ಮೈಕಿನ ಮುಂದೆ ನಿಲ್ಲುವ ಮೊದಲೇ ಒಂದು ಹಾಳೆಯಲ್ಲಿ ಮೂವರ ಹೆಸರು, ಪ್ರತಿ ಹೆಸರಿನ ಮುಂದೆ ಅಂಕಿ, ಕೆಳಗೆ ಮೂವರ ಸಹಿ ಇರಲಿ. ಭಾರತದಲ್ಲಿ ರಚನೆಯ ರಾಯಧನ ಸಂಗ್ರಹಿಸುವ ಐಪಿಆರ್‌ಎಸ್‌ನಲ್ಲಿ ಅದೇ ಅಂಕಿಗಳನ್ನು ನಮೂದಿಸಿ. ಬೇಸ್ ರಚನೆಯೋ ಅಲ್ಲವೋ ಎಂಬ ಜಗಳ ಅಂದೇ ಆಗಲಿ. ಅಲ್ಲಿಯವರೆಗೆ ಇಬ್ಬರಲ್ಲಿ ಯಾರೂ ರಾಜೀನಾಮೆ ಕೊಡಬೇಡಿ.