ಮಂತ್ರ ಮಾಂಗಲ್ಯಕ್ಕೆ ಸಂಗೀತ

ಪುರೋಹಿತರಿಲ್ಲದ ಮದುವೆ, ನೂರು ಜನ, ದೇವರ ಹಾಡು ಬೇಡ, ಮೌನವೂ ಬೇಡ, ಹಾಗಾದರೆ ಮಂತ್ರ ಮಾಂಗಲ್ಯಕ್ಕೆ ಯಾವ ಸಂಗೀತ ಎಂದು ಕೇಳಿದ್ದೀರಿ. ಮೊದಲು ಒಂದು ಮಾತು: ಕುವೆಂಪು ರೂಪಿಸಿದ ಈ ಸರಳ ಮದುವೆ ವಿಧಾನದ ಜೀವಾಳ ಪ್ರತಿಜ್ಞೆ ಓದುವುದು. ಆಗ ಹಿನ್ನೆಲೆಯಲ್ಲಿ ಏನೂ ಬೇಡ, ತಂಬೂರಿಯೂ ಬೇಡ.

ಅತಿಥಿಗಳು ಬರುವಾಗ 20 ನಿಮಿಷ ಕೊಳಲು ಅಥವಾ ವೀಣೆ ಸಾಕು. ಆದರೆ 'ವಾದ್ಯ ಮಾತ್ರ' ಎಂದಷ್ಟೇ ಹೇಳಿದರೆ ಸಾಲದು. ಹಂಸಧ್ವನಿ ರಾಗ ಎತ್ತಿಕೊಂಡ ಕಲಾವಿದರ ಕೈ ತಾನಾಗಿಯೇ ಗಣಪತಿ ಕೃತಿಗೆ ಹೋಗುತ್ತದೆ, ಸಾಹಿತ್ಯವಿಲ್ಲದಿದ್ದರೂ ಹಿರಿಯರು ಗುರುತಿಸುತ್ತಾರೆ. ಮೋಹನ, ಕಲ್ಯಾಣಿ ರಾಗಗಳಲ್ಲಿ ಬರೀ ಆಲಾಪನೆ, ತಾನ (ಯಾವ ಕೃತಿಯೂ ಇಲ್ಲದ ರಾಗ ವಿಸ್ತಾರ) ನುಡಿಸಿ ಎಂದು ಮುಂಗಡ ಕೊಡುವಾಗಲೇ ಹೇಳಿ.

ನಾದಸ್ವರ-ಡೋಲು ಬೇಕೇಬೇಕೆಂದರೆ ಬಾಗಿಲ ಹೊರಗೆ ಕೂರಿಸಿ. ಚಿಕ್ಕ ಸಭಾಂಗಣದಲ್ಲಿ ಗಟ್ಟಿಮೇಳ ಶುರುವಾದರೆ ಮೈಕಿನ ಮಾತೂ ಕೇಳಿಸದು.

ಹಾರ ಬದಲಾಯಿಸುವಾಗ ಒಂದೇ ಭಾವಗೀತೆ, ಎರಡು ಚರಣ ಸಾಕು, ಹಾರಕ್ಕೆ ಅಷ್ಟು ಹೊತ್ತೂ ಹಿಡಿಯುವುದಿಲ್ಲ. ನೀವು ಕೇಳಿದ 'ಓ ನನ್ನ ಚೇತನ' ಅದ್ಭುತ ಆಯ್ಕೆ. ಆದರೆ ಅದು ಎಲ್ಲಿಯೂ ನಿಲ್ಲದಿರು, ಮನೆ ಕಟ್ಟದಿರು ಎನ್ನುವ ಹಾಡು. ಹಾರದ ಹೊತ್ತಿಗಿಂತ ಕೊನೆಗೆ, ಎಲ್ಲರೂ ಎದ್ದು ನಿಂತು ಹಾಡಿದರೆ ಅದರ ಅರ್ಥ ತೆರೆದುಕೊಳ್ಳುತ್ತದೆ. ಸಾಹಿತ್ಯ ಅಚ್ಚು ಹಾಕಿಸಿ ಕುರ್ಚಿಗಳ ಮೇಲಿಡಿ. ಶ್ರುತಿಯನ್ನು ಗಾಯಕರಿಗಲ್ಲ, ಸಭಿಕರಿಗೆ ಹೊಂದುವಂತೆ ತಗ್ಗಿಸಿ, ಇಲ್ಲವಾದರೆ ತಾರಸ್ಥಾಯಿಯಲ್ಲಿ ಎಲ್ಲರೂ ಬಾಯಿ ಮುಚ್ಚುತ್ತಾರೆ.

ಧ್ವನಿಮುದ್ರಿಕೆ ಬಳಸುವುದಾದರೆ ಹಾಡುಗಳನ್ನು ಮೊದಲೇ ಇಳಿಸಿಕೊಂಡು, ಫೋನನ್ನು ಏರೋಪ್ಲೇನ್ ಮೋಡಿಗೆ ಹಾಕಿ. ಸ್ಪೀಕರುಗಳು ಮೈಕಿಗಿಂತ ಮುಂದಿರಲಿ, ಹಿಂದಿದ್ದರೆ ಪ್ರತಿಜ್ಞೆಯ ನಡುವೆಯೇ ಕೀರಲು ಸದ್ದು ಬರುತ್ತದೆ.